ನಾಲಿಗೆಗೆ ವೀಸಾ

ಟೆರಿಜಿಯಮ್ ಅನ್ನುವುದು ಕಣ್ಣಿನ ಬಿಳಿಭಾಗದ ಮೇಲೆ ಬೆಳೆಯುವ ಪೊರೆ. ಬಿಸಿಲು, ದೂಳು, ಗಾಳಿಯಲ್ಲಿ ದುಡಿಯುವವರಿಗೆ ಹೆಚ್ಚು. ಇಂಗ್ಲಿಷಿನಲ್ಲಿ ಅದನ್ನು ಬರೆಯುವಾಗ ಮೊದಲಿಗೆ ಒಂದು 'ಪಿ' ಹಾಕಬೇಕು. ಓದುವಾಗ ಆ 'ಪಿ'ಯನ್ನು ಕಂಡೂ ಕಾಣದಂತೆ ದಾಟಿಹೋಗಬೇಕು. ಸೊರಾಯಸಿಸ್‌ನಲ್ಲೂ ಇಂಥದೇ ಒಂದು 'ಪಿ', ನ್ಯುಮೋನಿಯಾದಲ್ಲೂ ಇನ್ನೊಂದು. ಆಸ್ಮಾದ ನಡುವೆ 'ಟಿ' ಮತ್ತು 'ಎಚ್' ಇಬ್ಬರೂ ಕೂತಿದ್ದಾರೆ. ಕಫಕ್ಕೆ ಇಂಗ್ಲಿಷಿನಲ್ಲಿ ಹೇಳುವ ಫ್ಲೆಮ್‌ನಲ್ಲಿ ಒಂದು 'ಜಿ' ಅಡಗಿದೆ. ಕುರ್ಚಿಯ ಬೆನ್ನಿಗೆ ಕೋಟು ನೇತುಹಾಕಿ ಕಾಫಿಗೆ ಹೋದ ಗುಮಾಸ್ತರ ಹಾಗೆ ಇವರೆಲ್ಲ ಹಾಜರಿ ಪುಸ್ತಕದಲ್ಲಿದ್ದಾರೆ, ಕೆಲಸದಲ್ಲಿಲ್ಲ. ಇವರನ್ನು ನೇಮಿಸಿದವರು ಗ್ರೀಕರು, ಅವರು ಇವರಿಂದ ಕೆಲಸವನ್ನೂ ತೆಗೆಯುತ್ತಿದ್ದರು. ಇಂಗ್ಲಿಷರಿಗೆ ನಾಲಿಗೆ ಹೊರಳಲಿಲ್ಲ. ಅಕ್ಷರ ಉಳಿಸಿಕೊಂಡು ಸದ್ದು ನುಂಗಿಬಿಟ್ಟರು. ಅಂದರೆ ಈ ಪದಗಳನ್ನು ಮೊದಲು ತಪ್ಪಾಗಿ ಉಚ್ಚರಿಸಿದ ಪರಭಾಷಿಕ ಇಂಗ್ಲಿಷಿನವನೇ. ಆದರೆ ಆ 'ಪಿ'ಯನ್ನು ಬಾಯ್ತುಂಬ ಹೇಳಿದ ತಪ್ಪಿಗೆ ತಲೆ ತಗ್ಗಿಸಿ ಕೂರಬೇಕಾದವರು ಹಾಸನದ ಕಡೆಯ ಒಬ್ಬ ನರ್ಸು.

ವಿದೇಶಕ್ಕೆ ಹೊರಟ ನರ್ಸುಗಳಿಗೆ ನಾಲಿಗೆ ತಿದ್ದಿಕೊಡುವ ಕೋಚಿಂಗ್ ಸೆಂಟರುಗಳು ಬೆಂಗಳೂರಿನಲ್ಲಿ ಬೇಕಾದಷ್ಟಿವೆ. ಕೆಳಗೆ ದರ್ಶಿನಿ, ಮೇಲೆ ಇಂಗ್ಲಿಷ್. ಗೋಡೆಯ ಮೇಲೆ ಲಂಡನ್ ಬ್ರಿಡ್ಜ್ ಎಂದು ಬರೆದ ದೊಡ್ಡ ಚಿತ್ರ. ಚಿತ್ರದಲ್ಲಿರುವುದು ಟವರ್ ಬ್ರಿಡ್ಜ್. ಅಸಲಿ ಲಂಡನ್ ಬ್ರಿಡ್ಜ್ ಗೋಡೆಗೆ ಅಂಟಿಸಿಕೊಳ್ಳುವಷ್ಟು ಚೆಂದ ಇಲ್ಲ. ತರಬೇತಿ ಕೊಡುವ ಮಹಾಶಯರು ಅತ್ತಿಬೆಲೆ ಟೋಲ್ ದಾಟಿದವರಲ್ಲ, ಆದರೆ ಮಾತು ಹೀಥ್ರೂನಲ್ಲಿ ಇಳಿದು ನೇರ ಕ್ಲಾಸಿಗೆ ಬಂದಿರುತ್ತದೆ. ಕಾಲ್ ಸೆಂಟರುಗಳ ಕಾಲದಲ್ಲಿ ಇದೇ ಮಹಾಶಯರು ಅಮೆರಿಕದ ಧಾಟಿ ಕಲಿಸುತ್ತಿದ್ದರು. ಗಿರಾಕಿ ಬದಲಾದರು, ಧಾಟಿಯೂ ಅಟ್ಲಾಂಟಿಕ್ ದಾಟಿತು. ಅಲ್ಲಿ ನಡೆಯುವ ಒಂದು ಪಾಠವನ್ನು ಕಲ್ಪಿಸಿಕೊಳ್ಳಿ:

"ಸಿಸ್ಟರ್, ಹಾರ್ಟ್ ಅನ್ನಿ."

"ಆರ್ಟ್."

"ನೋ ನೋ. ಗಂಟಲಿಂದ ಗಾಳಿ ಬಿಡಿ. ಹ. ಹ."

"ಹ."

"ವೆರಿ ಗುಡ್. ಈಗ ಹೇಳಿ, ಹಾರ್ಟ್ ಅಟ್ಯಾಕ್."

"ಹಾರ್ಟ್ ಹಟ್ಯಾಕ್."

"ಅಯ್ಯೋ, ಇರೋ ಕಡೆ ಬಿಡ್ತೀರ, ಇಲ್ದಿರೋ ಕಡೆ ಹಾಕ್ತೀರಲ್ಲ ಸಿಸ್ಟರ್!"

"ಸಾರ್, ಆರ್ಟ್ ಅಟ್ಯಾಕ್ ಆದೋರ್ಗೆ ಎದೆ ಒತ್ತಿ ಒತ್ತಿ ಎಷ್ಟೋ ಜನನ್ನ ಉಳಿಸ್ಕೊಂಡಿದೀವಿ. ಅವ್ರ್ಯಾರೂ ಎದ್ದು ಕೂತು ಹ ಎಲ್ಲಿ ಅಂತ ಕೇಳ್ಲಿಲ್ಲ."

ಈ ಸಿಸ್ಟರ್ ಐಸಿಯುನಲ್ಲಿ ಎಂಟು ವರ್ಷ ದುಡಿದವರು. ಮಾನಿಟರ್ ಕೂಗಿದ ದನಿಯಲ್ಲೇ ಯಾವ ಹಾಸಿಗೆಯಲ್ಲಿ ಏನು ಕೆಟ್ಟಿದೆ ಎಂದು ತಿರುಗಿ ನೋಡದೆ ಹೇಳಬಲ್ಲರು. ಅವರನ್ನು ತಿದ್ದುತ್ತಿರುವ ಮಹಾಶಯರಿಗೆ ವೆಂಟಿಲೇಟರ್ ಅಂದರೆ ಬಚ್ಚಲುಮನೆಯ ಗೋಡೆಯಲ್ಲಿ ಮೇಲ್ಗಡೆ ಇರುವ ಕಿಂಡಿ. ಇಬ್ಬರಲ್ಲಿ ಪ್ರೊಫೆಷನಲ್ ಯಾರು ಎಂಬುದನ್ನು ಫೀಸಿನ ರಸೀದಿ ತೀರ್ಮಾನಿಸುತ್ತದೆ.

ನಾಳೆ ಇದೇ ಸಿಸ್ಟರ್ ಪಾಸಾಗಿ ಪೂರ್ವ ಲಂಡನ್ನಿನ ಯಾವುದೋ ವಾರ್ಡಿನಲ್ಲಿ ನಿಂತರು ಅನ್ನಿ. ಎದೆ ಹಿಡಿದುಕೊಂಡು ಬರುವ ಅಲ್ಲಿನ ಹಳೆಯ ಕಾಕ್ನಿ ಮುದುಕ ತಲೆತಲಾಂತರದಿಂದ ಹ-ಕಾರ ನುಂಗಿಕೊಂಡು ಬಂದ ಕುಲದವನು. ಅವನ ಬಾಯಲ್ಲಿ ಹಾಸ್ಪಿಟಲ್ 'ಆಸ್ಪಿಟಲ್', ಹೆಡ್ 'ಎಡ್', ಹಾರ್ಟ್ 'ಆರ್ಟ್'. ಊರಲ್ಲಿ ಪುಕ್ಕಟೆ ಸಿಕ್ಕಿದ್ದ ಉಚ್ಚಾರವನ್ನು ಬೆಂಗಳೂರಿನಲ್ಲಿ ದುಡ್ಡು ಕೊಟ್ಟು ಕಳೆದುಕೊಂಡು, ಲಂಡನ್ನಿಗೆ ಹೋದ ಮೇಲೆ ಮುದುಕನ ಮಾತು ಹಿಡಿಯಲು ಅದನ್ನೇ ಮತ್ತೆ ನೆನಪಿಸಿಕೊಳ್ಳಬೇಕು. ಅವನು ಹ ಬಿಟ್ಟರೆ ಅದು ಪರಂಪರೆ, ಸಾಕ್ಷ್ಯಚಿತ್ರ ತೆಗೆಯುತ್ತಾರೆ. ಇವರು ಬಿಟ್ಟರೆ ಅದಕ್ಕೆ ನಮ್ಮ ತರಬೇತಿ ಉದ್ಯಮ ಇಟ್ಟಿರುವ ಹೆಸರು 'ಮದರ್ ಟಂಗ್ ಇನ್‌ಫ್ಲುಯೆನ್ಸ್', ಚಿಕ್ಕದಾಗಿ ಎಂಟಿಐ. ಕೇಳಿದರೆ ಯಾವುದೋ ರಕ್ತಪರೀಕ್ಷೆ ಇರಬೇಕು ಅನ್ನಿಸುತ್ತದೆ. ರಿಪೋರ್ಟು ಇಷ್ಟೇ: ಅಭ್ಯರ್ಥಿಗೆ ತಾಯಿಯ ಸೋಂಕು ತಗುಲಿದೆ.

ಪರೀಕ್ಷೆಯನ್ನು ಬಯ್ಯಬಹುದಿತ್ತು, ಆದರೆ ನ್ಯಾಯಕ್ಕೆ ಅದರ ತಪ್ಪು ಇದರಲ್ಲಿ ಕಡಿಮೆ. ಆರೋಗ್ಯ ವೃತ್ತಿಯವರಿಗೆಂದೇ ಇರುವ ಇಂಗ್ಲಿಷ್ ಪರೀಕ್ಷೆ ಒಇಟಿ 1980ರ ದಶಕದಲ್ಲಿ ಆಸ್ಟ್ರೇಲಿಯಾದಲ್ಲಿ ಹುಟ್ಟಿದ್ದು. ಮಾತಿನ ವಿಭಾಗದಲ್ಲಿ ಐದೈದು ನಿಮಿಷದ ಎರಡು ಸನ್ನಿವೇಶ; ಎದುರಿಗೆ ಕೂತವರು ರೋಗಿಯೋ ರೋಗಿಯ ಮಗಳೋ ಆಗಿ ನಟಿಸುತ್ತಾರೆ, ನೀವು ನರ್ಸಾಗಿಯೇ ಇರಬೇಕು. ಬ್ರಿಟನ್ನಿನ ನರ್ಸಿಂಗ್ ಮಂಡಳಿ ಮಾತಿಗೆ 'ಬಿ' ಶ್ರೇಣಿ ಕೇಳುತ್ತದೆ. ಬರವಣಿಗೆಗೆ ಒಂದು ಮೆಟ್ಟಿಲು ಕೆಳಗಿನ 'ಸಿ ಪ್ಲಸ್' ಸಾಕು. ಅಂಕ ಕೊಡುವವರು ನೋಡುವುದು ಹೇಳಿದ್ದು ಕೇಳಿದವರಿಗೆ ತಿಳಿಯಿತೇ, ಹೆದರಿದ ರೋಗಿಗೆ ಸಮಾಧಾನ ಆಯಿತೇ ಎಂದು. ಹುಟ್ಟೂರಿನ ಧಾಟಿ ಇದ್ದರೆ ಇರಲಿ, ತಿಳಿಯುವುದಕ್ಕೆ ತೊಡಕಾಗಬಾರದು, ಅಷ್ಟೆ. ಕೋಚಿಂಗ್ ಸೆಂಟರಿನ ಮಹಾಶಯರೂ ಈ ನಿಯಮ ಓದಿದ್ದಾರೆ. ಆದರೆ 'ತಿಳಿಯುವ ಹಾಗೆ ಮಾತಾಡಿ' ಎಂದು ಬೋರ್ಡು ಹಾಕಿದರೆ ಯಾರು ದುಡ್ಡು ಕೊಡುತ್ತಾರೆ? ಅಷ್ಟನ್ನು ಅಮ್ಮ ಮನೆಯಲ್ಲೇ ಹೇಳುತ್ತಾಳೆ.

ನಮ್ಮ ಇಂಗ್ಲಿಷ್ ಬ್ರಿಟಿಷರಿಗೆ ತಿಳಿಯದೆ ಹೋಗುವುದಕ್ಕೆ ನಿಜವಾದ ಕಾರಣ ಬೇರೆ ಇದೆ, ಅದನ್ನು ಕಲಿಸುವುದು ಮಾತ್ರ ಬಲು ಬೇಸರದ ಕೆಲಸ. ಕನ್ನಡ ಪ್ರತಿ ಅಕ್ಷರಕ್ಕೂ ಅದರ ಪಾಲಿನ ಉಸಿರು ಕೊಡುವ ನುಡಿ. ಇಂಗ್ಲಿಷ್ ಒಂದು ಅಕ್ಷರವನ್ನು ಹೊತ್ತು ಮೆರೆಸಿ ಉಳಿದವನ್ನು ತುಳಿದುಕೊಂಡು ಹೋಗುವ ನುಡಿ. ಮೆರೆಯುವ ಅಕ್ಷರ ಯಾವುದೆಂದು ಸ್ಪೆಲ್ಲಿಂಗ್ ಹೇಳುವುದಿಲ್ಲ, ಮೇಲಾಗಿ ಅದು ಒಂದೇ ಜಾಗದಲ್ಲಿ ನಿಲ್ಲುವುದೂ ಇಲ್ಲ. ಅಲರ್ಜಿ ಅನ್ನುವಾಗ ಒತ್ತು ಮೊದಲ ಅಕ್ಷರಕ್ಕೆ. ಅಲರ್ಜಿಕ್ ಅಂದ ಕೂಡಲೇ ಎರಡನೆಯದಕ್ಕೆ ಜಿಗಿಯಿತು. ಪೆರಾಲಿಸಿಸ್‌ನಲ್ಲಿ 'ರಾ' ದೊಡ್ಡ ಮನುಷ್ಯ, ಪ್ಯಾರಲಿಟಿಕ್‌ನಲ್ಲಿ 'ಲಿ'. ಮೂತ್ರಕ್ಕೆ ಹಾಕುವ ನಳಿಗೆ ನಮ್ಮ ಆಸ್ಪತ್ರೆಗಳಲ್ಲೆಲ್ಲ 'ಕೆಥೀಟರ್', 'ಥೀ'ಯನ್ನು ಎಷ್ಟು ಎಳೆದರೆ ಅಷ್ಟು ಶಿಸ್ತು. ಅಲ್ಲಿ ಒತ್ತು ಮೊದಲ 'ಕ್ಯಾ' ಮೇಲೆ ಬಿದ್ದು, 'ಥಿ' ಇದ್ದೂ ಇಲ್ಲದಂತಾಗುತ್ತದೆ. ಇದನ್ನು ವಾರಗಟ್ಟಲೆ ಕೂತು, ಪದಪದವಾಗಿ ಕೇಳಿ, ಬಾಯಿಗೆ ಹತ್ತಿಸಿಕೊಳ್ಳಬೇಕು. ಬೇರೆ ದಾರಿಯಿಲ್ಲ. ಆದರೆ ಗಂಟಲಿಂದ ಗಾಳಿ ಬಿಡಿಸುವಾಗಿನ ನಾಟಕ ಇದರಲ್ಲಿ ಇಲ್ಲವಾದ್ದರಿಂದ ಸಿಲೆಬಸ್ಸಿನ ಕೊನೆಯ ಪುಟಕ್ಕೆ ಹೋಗಿ, ಆ ಪುಟಕ್ಕೆ ಬರುವ ಹೊತ್ತಿಗೆ ಬ್ಯಾಚ್ ಮುಗಿದಿರುತ್ತದೆ.

ಸರಿ, ಕಷ್ಟಪಟ್ಟು ಕಲಿತರು ಎಂದುಕೊಳ್ಳೋಣ. ಕಲಿತದ್ದು ಯಾರ ಇಂಗ್ಲಿಷ್? ಗರ್ಭಕೊರಳಿನ ಕ್ಯಾನ್ಸರಿಗೆ ಅಮೆರಿಕದವರು 'ಸರ್ವಿಕಲ್' ಅಂದರೆ ಬ್ರಿಟನ್ನಿನ ಎಷ್ಟೋ ಡಾಕ್ಟರರು 'ಸರ್ವೈಕಲ್' ಅನ್ನುತ್ತಾರೆ. ಹೊಕ್ಕುಳಬಳ್ಳಿ ಅಮೆರಿಕದಲ್ಲಿ ಅಂಬಿಲಿಕಲ್, ಬ್ರಿಟನ್ನಿನ ಕೆಲವರ ಬಾಯಲ್ಲಿ ಅಂಬಿಲೈಕಲ್. ಅರೆತಲೆನೋವು ನ್ಯೂಯಾರ್ಕಿನಲ್ಲಿ ಮೈಗ್ರೇನ್, ಲಂಡನ್ನಿನಲ್ಲಿ ಮೀಗ್ರೇನ್. ವೈಟಮಿನ್ ಹಡಗು ಹತ್ತಿ ಈಚೆ ಇಳಿದರೆ ವಿಟಮಿನ್. ಎಸ್ಟ್ರೊಜೆನ್ ಈಸ್ಟ್ರೊಜೆನ್ ಆಗುತ್ತದೆ, ಸಾಲದೆಂದು ತಲೆಗೆ ಇನ್ನೊಂದು ಅಕ್ಷರವನ್ನೂ ಮುಡಿಯುತ್ತದೆ. ಉಚ್ಚಾರ ಹಾಗಿರಲಿ, ಹೆಸರಾದರೂ ಒಂದೇ ಇದೆಯೇ? ಜೀವ ಹೋಗುತ್ತಿರುವಾಗ ಕೊಡುವ ಒಂದೇ ಇಂಜೆಕ್ಷನ್ ಬ್ರಿಟನ್ನಿನಲ್ಲಿ ಅಡ್ರಿನಲಿನ್, ಅಮೆರಿಕದಲ್ಲಿ ಎಪಿನೆಫ್ರಿನ್. ಜ್ವರಕ್ಕೆ ನಾವು ನುಂಗುವ ಪ್ಯಾರಾಸಿಟಮಾಲ್ ಅಮೆರಿಕಕ್ಕೆ ಹೋದರೆ ಅಸೀಟಮಿನೋಫೆನ್. 2025ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ಟ್ರಂಪ್ ಶ್ವೇತಭವನದಲ್ಲಿ ಪತ್ರಕರ್ತರ ಮುಂದೆ ನಿಂತು ಈ ಮಾತ್ರೆ ಗರ್ಭಿಣಿಯರಿಗೆ ಬೇಡವೆಂದು ಬೋಧಿಸಲು ಹೊರಟರು. ಅದರ ಹೆಸರೇ ಬಾಯಿಗೆ ಬರಲಿಲ್ಲ. ತಡವರಿಸಿ, ನಿಲ್ಲಿಸಿ, ಮತ್ತೆ ಹಿಡಿದರು. ಹುಟ್ಟಾ ಇಂಗ್ಲಿಷಿನವರು, ಎಂಬತ್ತರ ಹತ್ತಿರದ ವಯಸ್ಸು. ಯಾರೂ ಅವರನ್ನು ಕೋಚಿಂಗಿಗೆ ಕಳಿಸಲಿಲ್ಲ. ಮಾತ್ರೆಯ ಬಗ್ಗೆ ಅವರು ಹೇಳಿದ್ದಕ್ಕೆ ಸಾಕ್ಷಿ ಎಲ್ಲಿದೆ ಎಂದು ವೈದ್ಯರ ಸಂಘಗಳು ಕೇಳಿದವು, ಅದು ಬೇರೆ ಮಾತು. ಉಚ್ಚಾರದ ಅಂಕ ಮಾತ್ರ ಕಡಿತವಾಗಲಿಲ್ಲ.

ಯೂರೋಪಿನವರಿಗೂ ಒಂದು ರಿಯಾಯಿತಿ ಇತ್ತು. ಭಾರತದಿಂದ ಹೋದ ಡಾಕ್ಟರು ಬ್ರಿಟನ್ನಿನಲ್ಲಿ ನೋಂದಾಯಿಸಿಕೊಳ್ಳಬೇಕಾದರೆ ಇಂಗ್ಲಿಷ್ ಪರೀಕ್ಷೆಗೆ ಕೂರಬೇಕು ಎಂಬುದು ದಶಕಗಳ ಕಾಲ ನಿಯಮವಾಗಿತ್ತು. ಯೂರೋಪಿನ ಒಕ್ಕೂಟದ ಡಾಕ್ಟರರನ್ನು ಹಾಗೆ ಪರೀಕ್ಷಿಸುವ ಅಧಿಕಾರ ಅಲ್ಲಿನ ವೈದ್ಯ ಮಂಡಳಿಗೆ 2014ರವರೆಗೂ ಇರಲಿಲ್ಲ. 2008ರಲ್ಲಿ ಜರ್ಮನಿಯಿಂದ ಬಂದು ವಾರಾಂತ್ಯದ ಪಾಳಿ ಮಾಡಿದ ಒಬ್ಬ ಡಾಕ್ಟರು ನೋವಿನ ಮದ್ದನ್ನು ಹತ್ತು ಪಟ್ಟು ಹೆಚ್ಚು ಕೊಟ್ಟು ರೋಗಿ ಸತ್ತ ಮೇಲೆ ಆದ ಗಲಾಟೆಯ ಫಲವಾಗಿ ಆ ಅಧಿಕಾರ ಬಂತು. ಅಲ್ಲಿಯವರೆಗೆ, ಮೈಸೂರು ಮೆಡಿಕಲ್ ಕಾಲೇಜಿನಲ್ಲಿ ಮೊದಲ ದಿನದಿಂದ ಕೊನೆಯ ದಿನದವರೆಗೆ ಇಂಗ್ಲಿಷಿನಲ್ಲೇ ಓದಿದವರಿಗೆ ಇಂಗ್ಲಿಷ್ ಬರುತ್ತದೆಯೇ ಎಂಬ ಅನುಮಾನ; ಜರ್ಮನ್ನಿನಲ್ಲಿ ಓದಿ ಬಂದವರಿಗೆ ಬಂದೇ ಬರುತ್ತದೆ ಎಂಬ ನಂಬಿಕೆ.

ಮತ್ತೆ ಮದ್ದಿನ ಹೆಸರಿಗೆ ಬಂದರೆ, ಅಡ್ರಿನಲಿನ್-ಎಪಿನೆಫ್ರಿನ್ ಬಗೆಯ ಗೊಂದಲ ಬೇಡವೆಂದೇ ವಿಶ್ವ ಆರೋಗ್ಯ ಸಂಸ್ಥೆ 1950ರಲ್ಲಿ ಒಂದು ನಿರ್ಣಯ ಮಾಡಿ, 1953ರಿಂದ ಔಷಧಗಳಿಗೆ ಜಗತ್ತಿಗೆಲ್ಲ ಒಂದೇ ಹೆಸರು ಇಡುವ ಏರ್ಪಾಡು ನಡೆಸಿಕೊಂಡು ಬಂದಿದೆ. ಅದರ ನಿಯಮಾವಳಿ ಓದಿದರೆ ಹಾಸನದ ಸಿಸ್ಟರ್‌ಗೆ ಕಣ್ಣು ತುಂಬಿ ಬರುತ್ತದೆ. ಹೆಸರಿನಲ್ಲಿ 'ಪಿಎಚ್' ಬೇಡ, 'ಎಫ್' ಹಾಕಿ. 'ಟಿಎಚ್' ಬೇಡ, 'ಟಿ' ಸಾಕು. 'ವೈ' ಬದಲು 'ಐ' ಬರೆಯಿರಿ. 'ಎಚ್' ಮತ್ತು 'ಕೆ' ಆದಷ್ಟೂ ಬಿಡಿ. ಎಲ್ಲ ನುಡಿಯವರಿಗೂ ಹೇಳಲು ಹಗುರಾಗಲಿ ಎಂದು! ಹ-ಕಾರದ ಕಾಟ ಬೇಡವೆಂದು ಜಿನೀವಾದಲ್ಲಿ ತೀರ್ಮಾನವಾಗಿ ಎಷ್ಟೋ ಕಾಲವಾಯಿತು, ಬೆಂಗಳೂರಿನ ಒಂದನೆಯ ಮಹಡಿಗೆ ಸುತ್ತೋಲೆ ತಲುಪಿಲ್ಲ. ಹೆಸರಿನ ಬಾಲದಲ್ಲಿ ಗುಂಪು ತಿಳಿಯುವ ಜಾಣತನವೂ ಇದೆ: 'ಪ್ರಿಲ್' ಎಂದು ಮುಗಿದರೆ ಬಿಪಿಯ ಒಂದು ಬಗೆಯ ಮಾತ್ರೆ, 'ಓಲಾಲ್' ಎಂದು ಮುಗಿದರೆ ಇನ್ನೊಂದು. ಇಷ್ಟು ದಯಾಳುಗಳೇ ಪೆಂಬ್ರೊಲಿಜುಮ್ಯಾಬ್, ಟಿಸಾಜೆನ್‌ಲೆಕ್ಲುಸೆಲ್ ಎಂಬ ಹೆಸರುಗಳನ್ನೂ ಮಂಜೂರು ಮಾಡಿದರು ಎಂಬುದನ್ನು ಮರೆಯಬಾರದು. 'ಮ್ಯಾಬ್' ಎಂಬ ಬಾಲದವು ಹೆಚ್ಚಿ ಹೆಚ್ಚಿ 2021ರಲ್ಲಿ ಅದನ್ನು ನಿಲ್ಲಿಸಿ, ಹೊಸಬರಿಗೆ ನಾಲ್ಕು ಬೇರೆ ಬಾಲಗಳನ್ನು ಹಂಚಬೇಕಾಯಿತು.

ಹಾಗಾದರೆ ಹೇಗೆ ಹೇಳಿದರೂ ನಡೆಯುತ್ತದೆಯೇ? ನಡೆಯುವುದಿಲ್ಲ. ಆಸ್ಪತ್ರೆಯಲ್ಲಿ ಒಂದು ಅಕ್ಷರ ಜಾರಿದರೆ ಜೀವ ಜಾರಬಹುದು. ಹೈಡ್ರಾಲಜಿನ್ ಬಿಪಿ ಇಳಿಸುತ್ತದೆ, ಹೈಡ್ರಾಕ್ಸಿಜಿನ್ ತುರಿಕೆ ಇಳಿಸುತ್ತದೆ. ಗಡಿಬಿಡಿಯಲ್ಲಿ ಫೋನಿನಲ್ಲಿ ಹೇಳಿದರೆ ಎರಡೂ ಒಂದೇ. ಇದಕ್ಕೆ ಹೊರಗಿನವರ ನಾಲಿಗೆಯೇ ಬೇಕೆಂದೂ ಇಲ್ಲ. ಹೊಟ್ಟೆಯ ಆಮ್ಲಕ್ಕೆ ಕೊಡುವ ಒಮೆಪ್ರಜೋಲ್ ಅಮೆರಿಕದ ಅಂಗಡಿಗೆ ಬಂದಾಗ ಅದರ ಹೆಸರು ಲೋಸೆಕ್. ಮೈಯ ನೀರು ಇಳಿಸುವ ಲೇಸಿಕ್ಸ್ ಜೊತೆ ಅದು ಅದಲುಬದಲಾಗತೊಡಗಿ, 1990ರಲ್ಲಿ ಕಂಪನಿ ಹೆಸರನ್ನು ಪ್ರಿಲೋಸೆಕ್ ಎಂದು ಬದಲಿಸಿತು. ಆಮೇಲೆ ಜನ ಅದನ್ನು ಖಿನ್ನತೆಯ ಪ್ರೊಜಾಕ್ ಜೊತೆ ಕಲಸಿದರು. ಹೇಳಿದವರೂ ಕೇಳಿದವರೂ ಹುಟ್ಟಿನಿಂದ ಇಂಗ್ಲಿಷ್ ನುಡಿಯವರೇ ಇದ್ದ ಊರುಗಳಲ್ಲೂ ಇದು ನಡೆಯಿತು.

ಇನ್ನೂ ಒಂದು ಗುಟ್ಟಿದೆ, ಬ್ರಿಟಿಷರು ಅದನ್ನು ಹೇಳುವುದಿಲ್ಲ. ಅವರಲ್ಲಿ ಬಹಳ ಮಂದಿ ಪದದ ಕೊನೆಯ ರ-ಕಾರವನ್ನು ನುಂಗುತ್ತಾರೆ. ಅವರ 'ಹೈಪರ್' ಬಾಯಿಂದ ಬರುವಾಗ 'ಹೈಪ'. 'ಹೈಪೊ' ಬಂದರೆ 'ಹೈಪೊ'. ಸಕ್ಕರೆ ಹೆಚ್ಚಾಯಿತೋ ಕಡಿಮೆಯಾಯಿತೋ, ರಕ್ತದೊತ್ತಡ ಏರಿತೋ ಇಳಿಯಿತೋ ಎಂಬ ಇಡೀ ಜೀವನ್ಮರಣದ ವ್ಯತ್ಯಾಸ ಆ ಅರ್ಧ ಸ್ವರದಲ್ಲಿ ನೇತಾಡುತ್ತದೆ. ನಮ್ಮ ಸಿಸ್ಟರ್ 'ಹೈಪರ್ರ್' ಅಂದರೆ ವಾರ್ಡಿನ ಆ ತುದಿಯ ಕಿವುಡನಿಗೂ ಅನುಮಾನ ಉಳಿಯುವುದಿಲ್ಲ. ಹ ಬಿಟ್ಟು 'ಐಪರ್ರ್' ಅಂದರೂ ಪ್ರಮಾದವಿಲ್ಲ. ಜೀವ ಉಳಿಸುವುದು ಆ ರ-ಕಾರ. ಕೋಚಿಂಗ್ ಸೆಂಟರಿನಲ್ಲಿ ಮೊದಲು ಕೊಯ್ಯುವುದೇ ಅದನ್ನು: "ರ ರೋಲ್ ಮಾಡ್ಬೇಡಿ ಸಿಸ್ಟರ್, ಹಳ್ಳಿಯವ್ರ ಥರ ಕೇಳ್ಸುತ್ತೆ."

ಅವರದೇ ಪದಗಳು ಅವರಿಗೇ ಕೈಕೊಟ್ಟಿರುವುದಕ್ಕೆ ಇನ್ನೂ ಬೇಕೇ? ಸಣ್ಣಕರುಳಿನ ಕೊನೆಯ ಭಾಗ ಇಲಿಯಮ್, ಸೊಂಟದ ಮೂಳೆಯೂ ಇಲಿಯಮ್. ಬರೆಯುವಾಗ ಒಂದಕ್ಷರದ ವ್ಯತ್ಯಾಸ, ಹೇಳುವಾಗ ಅದೂ ಇಲ್ಲ. ಕೈಯನ್ನು ಮೈಯಿಂದ ಆಚೆ ಚಾಚುವುದಕ್ಕೂ ಮೈಗೆ ಈಚೆ ತರುವುದಕ್ಕೂ ಇರುವ ಎರಡು ಪದಗಳು ಎಷ್ಟು ಹತ್ತಿರವೆಂದರೆ, ಆಕ್ಸ್‌ಫರ್ಡಿನ ಪ್ರೊಫೆಸರೇ ಆಗಲಿ 'ಎ-ಬಿ-ಡಕ್ಷನ್', 'ಎ-ಡಿ-ಡಕ್ಷನ್' ಎಂದು ಒಂದನೆಯ ತರಗತಿಯ ಮಗುವಿನಂತೆ ಅಕ್ಷರ ಬಿಡಿಸಿ ಹೇಳಬೇಕು. ಪ್ರೊಫೆಸರು ಬಿಡಿಸಿ ಹೇಳಿದರೆ ಅದು ಮುನ್ನೆಚ್ಚರಿಕೆ. ನರ್ಸು ಬಿಡಿಸಿ ಹೇಳಿದರೆ ಇಂಗ್ಲಿಷ್ ಬರುವುದಿಲ್ಲ.

ಔಷಧ ಸುರಕ್ಷತೆಯವರು ಹೇಳುವ ಉಪಾಯಗಳು ಅವಮಾನವಾಗುವಷ್ಟು ಸರಳ. 'ಫಿಫ್ಟೀನ್' ಅಂದದ್ದು 'ಫಿಫ್ಟಿ' ಎಂದು ಕೇಳಿಸೀತು, ಆದ್ದರಿಂದ 'ಒನ್ ಫೈವ್' ಎಂದೂ ಸೇರಿಸಿ. ಫೋನಿನಲ್ಲಿ ಬಂದ ಆದೇಶವನ್ನು ಬರೆದುಕೊಳ್ಳಿ, ಬರೆದದ್ದನ್ನು ಓದಿ ಹೇಳಿ, ಆ ಕಡೆಯವರು ಹೌದು ಅಂದ ಮೇಲೆ ಸಿರಿಂಜ್ ಮುಟ್ಟಿ. ಅನುಮಾನ ಬಂದರೆ ಅಕ್ಷರ ಕೂಡಿಸಿ. ಇದಕ್ಕೆ ಯಾವ ಧಾಟಿಯೂ ಬೇಡ. 'ಇನ್ನೊಂದ್ಸಲ ಹೇಳಿ ಡಾಕ್ಟ್ರೇ' ಅನ್ನುವಷ್ಟು ಎದೆ ಬೇಕು. ಮೂರು ತಿಂಗಳು 'ನೋ ನೋ ಸಿಸ್ಟರ್' ಕೇಳಿಸಿಕೊಂಡು ಬಂದವರಲ್ಲಿ ಆ ಎದೆ ಎಲ್ಲಿ ಉಳಿಯಬೇಕು? ಅವರು ಬಾಯಿ ತೆರೆಯುವ ಮುಂಚೆ ತಮ್ಮ ಬಾಯಿಯ ಬಗ್ಗೆ ಯೋಚಿಸುತ್ತಾರೆ. ದನಿ ತಗ್ಗಿಸುತ್ತಾರೆ. ತಪ್ಪಾದೀತೆಂದು ಪದದ ಕೊನೆಯನ್ನು ನುಂಗುತ್ತಾರೆ, ಬೇಗ ಮುಗಿಸಿಬಿಡೋಣವೆಂದು ಓಡುತ್ತಾರೆ. ಐಸಿಯುವಿನ ಆ ಕಡೆಯಿಂದ ಈ ಕಡೆಗೆ ಕೇಳುವಂತೆ ಕೂಗುತ್ತಿದ್ದವರು ಈಗ ಗೊಣಗುತ್ತಾರೆ. ಗೊಣಗಿದ್ದು ಲಂಡನ್ ಧಾಟಿಯಲ್ಲಿದ್ದರೇನು, ಚನ್ನರಾಯಪಟ್ಟಣದ ಧಾಟಿಯಲ್ಲಿದ್ದರೇನು? ದುಡ್ಡು ತೆಗೆದುಕೊಂಡು ಅಸ್ಪಷ್ಟತೆ ಕಲಿಸುವ ಉದ್ಯಮ ಇದೊಂದೇ ಇರಬೇಕು. (ಸರಕಾರಿ ನಮೂನೆಗಳನ್ನು ಬರೆಯುವವರು ಸಂಬಳಕ್ಕೆ ಮಾಡುತ್ತಾರೆ, ಅವರನ್ನು ಸೇರಿಸಬಾರದು.)

ಗ್ರೀಕು ಲ್ಯಾಟಿನ್ನೆಲ್ಲ ಅರೆದು ಕುಡಿದು ಅಲ್ಲಿಗೆ ಹೋದ ಮೇಲೆ ತಿಳಿಯುವ ಇನ್ನೊಂದು ಸತ್ಯವೆಂದರೆ, ರೋಗಿಗಳಾರೂ ಆ ಪದಗಳನ್ನು ಆಡುವುದಿಲ್ಲ. ಮುದುಕಿ 'ಒಂದು ಪೆನ್ನಿ ಖರ್ಚು ಮಾಡಬೇಕು' ಅಂದರೆ ಮೂತ್ರಕ್ಕೆ ಹೋಗಬೇಕು. 'ವಾಟರ್‌ವರ್ಕ್ಸ್ ಸರಿಯಿಲ್ಲ' ಅಂದರೆ ನಲ್ಲಿ ರಿಪೇರಿಯವನನ್ನು ಕರೆಯಬಾರದು, ಯೂರಿನ್ ಪರೀಕ್ಷೆಗೆ ಬರೆಯಬೇಕು. ಸ್ಕಾಟ್ಲೆಂಡಿನಲ್ಲಿ ಮುಖ ಬಿಳಿಚಿಕೊಂಡರೆ 'ಪೀಲಿ-ವಾಲಿ', ಕಿವಿ ನೋವಾದರೆ 'ಲಗ್' ನೋವು. ಇದಾವುದೂ ಸಿಲೆಬಸ್ಸಿನಲ್ಲಿ ಇಲ್ಲ. ಈಸಾಫಗಸ್ ಹೇಳಲು ಬಂದವರು ಪೀಲಿ-ವಾಲಿಗೆ ತಲೆ ಕೆರೆದುಕೊಳ್ಳುತ್ತ ನಿಂತಾಗ ಅಲ್ಲಿನ ಮೇಟ್ರನ್ ವರದಿ ಬರೆಯುತ್ತಾಳೆ: ಹುಡುಗಿ ಒಳ್ಳೆಯವಳು, ಇಂಗ್ಲಿಷ್ ಸ್ವಲ್ಪ ಕಡಿಮೆ.

ಅಲ್ಲಿಯವರನ್ನು ಅಂದದ್ದು ಸಾಕು. ನಮ್ಮ ಅಂಗಳಕ್ಕೆ ಬಂದರೆ ಇಲ್ಲಿ ಇನ್ನೂ ರಸವಿದೆ. ಇಲ್ಲಿ ಇಂಗ್ಲಿಷ್ ಪದವನ್ನು ತಪ್ಪಿಲ್ಲದೆ ಉಚ್ಚರಿಸುವ ಡಾಕ್ಟರರಿದ್ದಾರೆ, ಕೇಳಿಸಿಕೊಳ್ಳುವವರು ಮಳವಳ್ಳಿಯ ಅಜ್ಜಿ. "ಅಜ್ಜಿ, ನಿಮ್ಗೆ ಲೆಫ್ಟ್ ವೆಂಟ್ರಿಕ್ಯುಲರ್ ಡಿಸ್‌ಫಂಕ್ಷನ್ ಇದೆ, ಡೋಂಟ್ ವರಿ." ಪ್ರತಿ ಅಕ್ಷರದ ಒತ್ತೂ ಎಲ್ಲಿರಬೇಕೋ ಅಲ್ಲೇ ಇದೆ, ಎಡಿನ್‌ಬರೋದಲ್ಲೂ ಬೆರಳು ತೋರಿಸುವ ಹಾಗಿಲ್ಲ. ಅಜ್ಜಿ ಕೈಮುಗಿದು ಕೇಳುತ್ತಾಳೆ: "ಆಯ್ತು ಬುದ್ದಿ, ಊಟಕ್ ಮುಂಚೆ ತಕಬೇಕೋ, ಊಟ ಆದ್ಮೇಲೋ?" ಡಿಸ್ಚಾರ್ಜ್ ಸಮ್ಮರಿ ಇಂಗ್ಲಿಷಿನಲ್ಲಿ, ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿ; ಕನ್ನಡದಲ್ಲಿರುವುದು ಅಜ್ಜಿಯ ಹೆಬ್ಬೆಟ್ಟು ಒಂದೇ. ಅಜ್ಜಿ ಹೊರಗೆ ಬಂದು ಮೊಮ್ಮಗನಿಗೆ 'ಗ್ಯಾಸ್ಟ್ರಿಕ್ ಅಂತೆ ಕಣ್ಲಾ' ಅಂದಾಗ ಕಾರಿಡಾರಿನಲ್ಲಿ ನಗುವವರು ಇರುತ್ತಾರೆ. ಗ್ಯಾಸ್ಟ್ರಿಕ್ ಎಂಬ ಕಾಯಿಲೆ ಯಾವ ವೈದ್ಯ ಪುಸ್ತಕದಲ್ಲೂ ಇಲ್ಲದಿದ್ದರೂ ಕರ್ನಾಟಕದಲ್ಲಿ ಅದಿಲ್ಲದ ಮನೆಯಿಲ್ಲ ಎಂಬುದು ನಗುವವರಿಗೂ ಗೊತ್ತು. ಅವರ ಜೇಬಿನಲ್ಲೂ ಅದರ ಮಾತ್ರೆ ಇರುತ್ತದೆ.

ಸರಕಾರ ಕೈಕಟ್ಟಿ ಕೂತಿಲ್ಲ. 2024ರಲ್ಲಿ ಕಾನೂನು ತಿದ್ದಿ, ಅಂಗಡಿ ಆಸ್ಪತ್ರೆಗಳ ನಾಮಫಲಕದಲ್ಲಿ ಶೇಕಡ 60 ಭಾಗ ಕನ್ನಡ ಕಡ್ಡಾಯ ಎಂದಿತು. ಒಡನೆಯೇ ಕಾರ್ಪೊರೇಟ್ ಆಸ್ಪತ್ರೆಗಳ ಮೇಲೆ ಕನ್ನಡ ಅರಳಿತು: 'ಇಂಟರ್ವೆನ್ಷನಲ್ ಕಾರ್ಡಿಯಾಲಜಿ', 'ಪೀಡಿಯಾಟ್ರಿಕ್ ಗ್ಯಾಸ್ಟ್ರೊಎಂಟರಾಲಜಿ', 'ಎಂಡೊಕ್ರೈನಾಲಜಿ'. ಅಳತೆಪಟ್ಟಿ ಹಿಡಿದು ಬಂದವರು ಅಳೆದು, ಸರಿಯಿದೆ ಎಂದು ಹೋದರು. ಅಜ್ಜಿ ಅಕ್ಷರ ಕೂಡಿಸಿ ಕೂಡಿಸಿ ಓದುವ ಹೊತ್ತಿಗೆ ಓಪಿಡಿ ಮುಚ್ಚಿರುತ್ತದೆ. ಅದೇ ವರ್ಷ ಡೆಂಗಿಯನ್ನು ರಾಜ್ಯದಲ್ಲಿ ಸಾಂಕ್ರಾಮಿಕ ಕಾಯಿಲೆಯೆಂದು ಘೋಷಿಸಲಾಯಿತು. ಒಂದು ಪತ್ರಿಕೆಯಲ್ಲಿ ಅದು ಡೆಂಗಿ, ಇನ್ನೊಂದರಲ್ಲಿ ಡೆಂಗೆ, ಟಿವಿಯಲ್ಲಿ ಡೆಂಗ್ಯೂ, ಬ್ಯಾನರಿನಲ್ಲಿ ಡೆಂಘೀ. ಸೊಳ್ಳೆ ಮಾತ್ರ ಭೇದವೆಣಿಸದೆ ನಾಲ್ಕೂ ಬಗೆಯ ಓದುಗರನ್ನು ಕಚ್ಚಿತು.

ಇಷ್ಟಾದ ಮೇಲೆ, ಇಂಗ್ಲಿಷ್ ವೈದ್ಯಶಾಸ್ತ್ರಕ್ಕೆ ಕನ್ನಡ ನಾಡು ಕೊಟ್ಟಿರುವ ಒಂದು ಪದದ ವಿಚಾರಕ್ಕೆ ಬರಬೇಕು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು, ಸುತ್ತಲ ಜನಕ್ಕೂ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹೊಸ ವೈರಸ್ ಒಂದನ್ನು ಪತ್ತೆ ಮಾಡಿದರು. ಹರಡುವುದು ಉಣುಗು ಕಚ್ಚಿ ಎಂದೂ ಕಂಡುಕೊಂಡರು. ಕಾಯಿಲೆಗೆ ಕಾಡಿನ ಹೆಸರೇ ನಿಂತಿತು: ಕ್ಯಾಸನೂರು ಫಾರೆಸ್ಟ್ ಡಿಸೀಸ್. ಜಗತ್ತಿನ ಯಾವ ವೈರಸ್ ಪುಸ್ತಕ ತೆಗೆದರೂ ಅದಿದೆ. ನಮ್ಮವರು ಅದನ್ನು ಮಂಗನ ಕಾಯಿಲೆ ಎಂದು ಕರೆದು ಸುಮ್ಮನಾದರು. ಹೊರಗಿನ ಪ್ರೊಫೆಸರುಗಳಿಗೆ ಆ ಸವಲತ್ತಿಲ್ಲ. 'ಕ್ಯಾ' ಎಂಬಲ್ಲಿ ಮೊದಲ ಮುಗ್ಗರಿಕೆ, 'ನೂರು' ಎಂಬಲ್ಲಿ ಎರಡನೆಯದು, ಆಮೇಲೆ ಕೆಎಫ್‌ಡಿ ಎಂಬ ಮೂರಕ್ಷರದ ಹಿಂದೆ ಅವಿತುಕೊಳ್ಳುತ್ತಾರೆ. ಹೀಗೆ ಮುಗ್ಗರಿಸಿದ್ದಕ್ಕೆ ಯಾರಿಗೂ ನೋಂದಣಿ ತಪ್ಪಿಲ್ಲ. ಯಾರ ಮದರ್ ಟಂಗಿನ ಮೇಲೂ ಷರಾ ಬಿದ್ದಿಲ್ಲ.

ಆದ್ದರಿಂದ ನಮ್ಮಲ್ಲೂ ಒಂದು ಪರೀಕ್ಷೆ ಇಡಬೇಕೆಂದು ಈ ಅಂಕಣ ಸರಕಾರವನ್ನು ಒತ್ತಾಯಿಸುತ್ತದೆ. ಕರ್ನಾಟಕದಲ್ಲಿ ರೋಗಿಯ ಮೈ ಮುಟ್ಟುವ ಯಾರೇ ಆಗಲಿ, ವಿದೇಶದವರಾಗಲಿ, ಹೊರರಾಜ್ಯದವರಾಗಲಿ, ಬೆಂಗಳೂರಿನ ಕಾನ್ವೆಂಟಿನಲ್ಲಿ ಬೆಳೆದವರಾಗಲಿ, ಪಾಸಾಗಲೇಬೇಕು. ಮೊದಲ ಭಾಗ ಉಚ್ಚಾರ: ಕ್ಯಾಸನೂರು, ಉಣುಗು, ಹೊಕ್ಕುಳು, ಕಣ್ಣುಗುಡ್ಡೆ, ಮೊಣಕಾಲ ಚಿಪ್ಪು. ಣ, ಳ ತಪ್ಪಿದರೆ ತಲಾ ಒಂದು ಅಂಕ ಕಡಿತ. ಎರಡನೆಯ ಭಾಗ ಆಲಿಕೆ: ರೋಗಿ 'ತಲೆ ಧಿಮ್ ಅಂತದೆ', 'ಎದೆ ಧಸಕ್ ಅಂತು', 'ಕಾಲು ಜೋಮು ಹಿಡಿದೈತೆ', 'ಹೊಟ್ಟೆ ತೊಳಸ್ತದೆ', 'ಮೈಯೆಲ್ಲ ಜುಮುಜುಮು' ಎಂದಾಗ ಏನಾಗಿದೆ ಎಂದು ಮೊಬೈಲ್ ನೋಡದೆ ಹೇಳಬೇಕು. ಮೂರನೆಯ ಭಾಗ ಮಾತು: ಲೆಫ್ಟ್ ವೆಂಟ್ರಿಕ್ಯುಲರ್ ಡಿಸ್‌ಫಂಕ್ಷನ್ ಎಂದರೇನೆಂದು ಮಳವಳ್ಳಿಯ ಅಜ್ಜಿಗೆ ಐದು ನಿಮಿಷದಲ್ಲಿ ತಿಳಿಸಬೇಕು, ಅಂಕ ಕೊಡುವವಳು ಅಜ್ಜಿ. ಫೀಸು ಡಾಲರಿನಲ್ಲಿ. ಫೇಲಾದವರಿಗೆ ಹಾಸನದಲ್ಲಿ ಕೋಚಿಂಗ್, ಗೋಡೆಯ ಮೇಲೆ ಗೊರೂರು ಡ್ಯಾಮಿನ ಚಿತ್ರ.

ಪ್ರಸ್ತಾವ ಮುಂದುವರಿದರೆ ಏನಾಗುತ್ತದೆ ಎಂಬುದನ್ನೂ ಊಹಿಸಬಹುದು. ಮಾದರಿ ಉಚ್ಚಾರ ಯಾವುದಿರಬೇಕೆಂದು ತೀರ್ಮಾನಿಸಲು ಒಂದು ತಜ್ಞರ ಸಮಿತಿ ರಚನೆಯಾಗುತ್ತದೆ. ಮೊದಲ ಸಭೆಯಲ್ಲಿ ಒಂದೇ ವಿಷಯ, ಹೊಟ್ಟೆನೋವು. ಮಂಡ್ಯದ ಸದಸ್ಯರು 'ವಟ್ಟೆನೋವು' ಅನ್ನುತ್ತಾರೆ. ಧಾರವಾಡದವರು ಅದು 'ಹೊಟ್ಟಿಬ್ಯಾನಿ' ಎಂದು ಪಟ್ಟು ಹಿಡಿಯುತ್ತಾರೆ. ಕಲಬುರಗಿಯವರು 'ಹೊಟ್ಟಿ ನೋಯ್ಲಾಕತ್ತದ' ಎಂಬುದನ್ನು ನಡಾವಳಿಯಲ್ಲಿ ದಾಖಲಿಸಲು ಕೋರುತ್ತಾರೆ. ಮಂಗಳೂರಿನವರು 'ಹೊಟ್ಟೆನೋವು ಉಂಟಲ್ಲ ಮಾರಾಯ್ರೆ, ಅದರಲ್ಲಿ ಚರ್ಚೆ ಎಂತದ್ದು' ಎಂದು ಕೇಳಿ ಮೂವರಿಂದಲೂ ಬೈಸಿಕೊಳ್ಳುತ್ತಾರೆ. ಬೆಂಗಳೂರಿನ ಅಧ್ಯಕ್ಷರು 'ಸ್ಟಮಕ್ ಪೇನ್ ಅಂತ ಇಟ್ಕೊಂಡ್ರೆ ಎಲ್ರಿಗೂ ಅರ್ಥ ಆಗುತ್ತೆ' ಎಂದು ರಾಜಿ ಸೂತ್ರ ಮುಂದಿಡುತ್ತಾರೆ. ಸಮಿತಿಯ ಅವಧಿಯನ್ನು ಆರು ತಿಂಗಳು ವಿಸ್ತರಿಸಲಾಗುತ್ತದೆ.